ಹೊರಗೋಡೆಗೆ ಬಣ್ಣ ಹೊಡೆಸುವ ಮುನ್ನ ಬಿರುಕು ಬಗೆಯಿರಿ

ದೀಪಾವಳಿ ಹತ್ತಿರವಾದರೆ ಪೇಂಟರ್‌ಗಳಿಗೆ ಉಸಿರಾಡಲೂ ಬಿಡುವಿಲ್ಲ. ಹಬ್ಬದೊಳಗೆ ಮುಗಿಸಿಕೊಡಿ ಎಂಬ ಅವಸರಕ್ಕೆ ಹಸಿ ಗೋಡೆಯ ಮೇಲೇ ಬಣ್ಣ ಏರುತ್ತದೆ. ಮುಂದಿನ ಮಳೆಗೆ ಹಳೆಯ ಬಿರುಕುಗಳು ಇದ್ದಲ್ಲೇ ಬಾಯಿ ಬಿಡುತ್ತವೆ, ಬೈಗುಳ ಮಾತ್ರ ಬಣ್ಣದ ಕಂಪನಿಗೆ. ಬೆಂಗಳೂರು, ಮೈಸೂರು ಕಡೆ ನವೆಂಬರ್‌ನಲ್ಲೂ ಹಿಂಗಾರು ಸುರಿಯುವುದರಿಂದ ಈ ಕೆಲಸಕ್ಕೆ ಡಿಸೆಂಬರ್ ನಡುವಿನಿಂದ ಮಾರ್ಚ್‌ವರೆಗಿನ ಕಾಲವೇ ಸರಿ. ಹಬ್ಬಕ್ಕೆ ಒಳಗಡೆ ಹೊಡೆಸಿಕೊಳ್ಳಿ, ಹೊರಗಡೆ ಕಾಯಲಿ.

ನೀರು ಎಲ್ಲಿಂದ ಬರುತ್ತಿದೆ?

ಗೋಡೆ ಮುಟ್ಟುವ ಮೊದಲು ತಾರಸಿ ಹತ್ತಿ. ಪ್ಯಾರಾಪೆಟ್‌ನ ನೆತ್ತಿ ಬಿರಿದಿದೆಯೇ, ಮಳೆನೀರಿನ ಪೈಪ್ ಗೋಡೆ ದಾಟುವಲ್ಲಿ ಸಂದಿ ಇದೆಯೇ, ಏಸಿ ಕೂರಿಸಲು ಕೊರೆದ ತೂತು ಹಾಗೇ ಇದೆಯೇ ನೋಡಿ. ಸಜ್ಜಾದ ಅಡಿಯಲ್ಲಿ, ಅಂಚಿನಿಂದ ಒಂದೆರಡು ಇಂಚು ಒಳಗೆ, ನೀರು ತೊಟ್ಟಿಕ್ಕಿ ಬೀಳಲು ಗೀರು ಇರಬೇಕು. ಇಲ್ಲದಿದ್ದರೆ ನೀರು ಸಜ್ಜಾದ ತಳ ಹಿಡಿದು ಸೀದಾ ಗೋಡೆಗೆ ಇಳಿಯುತ್ತದೆ. ಬಣ್ಣ ಬೊಬ್ಬೆ ಎದ್ದಿರುವ, ಬಿಳಿ ಉಪ್ಪು ಬಿಟ್ಟಿರುವ ಜಾಗದ ಮೇಲ್ಗಡೆ ಸಾಮಾನ್ಯವಾಗಿ ಇಂಥದ್ದೊಂದು ದಾರಿ ಸಿಗುತ್ತದೆ. ಅದನ್ನು ಮುಚ್ಚದೆ ಎಷ್ಟು ದುಬಾರಿ ಬಣ್ಣ ತಂದರೂ ದಂಡ.

ತೊಳೆಯುವುದು

ಪಾಚಿಯನ್ನು ಬರೀ ಉಜ್ಜಿ ತೆಗೆದರೆ ಅದರ ಅಂಶ ಗಾರೆಯಲ್ಲೇ ಉಳಿಯುತ್ತದೆ. ಮನೆಬಳಕೆಯ ಬ್ಲೀಚ್ ದ್ರಾವಣ ಒಂದು ಪಾಲು, ನೀರು ಮೂರು ಪಾಲು ಬೆರೆಸಿ ಹಚ್ಚಿ. ಹದಿನೈದು ನಿಮಿಷ ಬಿಟ್ಟು ಗಟ್ಟಿ ಬ್ರಷ್‌ನಿಂದ ಉಜ್ಜಿ, ಚೆನ್ನಾಗಿ ನೀರು ಹೊಡೆಯಿರಿ. ಕೈಗವಸು, ಕನ್ನಡಕ ಇರಲಿ. ಕರೆ ಹೋಗಲೆಂದು ಇದರ ಜೊತೆಗೆ ಟಾಯ್ಲೆಟ್ ಆ್ಯಸಿಡ್ ಬೆರೆಸುವವರಿದ್ದಾರೆ. ಅದರಿಂದ ಏಳುವುದು ಕ್ಲೋರಿನ್ ಅನಿಲ, ಉಸಿರಿಗೇ ಕುತ್ತು. ಕರಾವಳಿ, ಮಲೆನಾಡಿನಲ್ಲಿ ಗೋಡೆ ಕರ್ರಗಾಗಿದ್ದರೆ ಬರೀ ಬ್ಲೀಚ್ ಹಚ್ಚಿ ತೊಳೆಯುವುದನ್ನೇ ಎರಡು ಸಲ ಮಾಡಬೇಕಾಗುತ್ತದೆ.

ಹಳೆಯದು ಸಿಮೆಂಟ್ ಪೇಂಟ್ ಆಗಿದ್ದರೆ ಅಂಗೈಯಿಂದ ಸವರಿ ನೋಡಿ. ಪುಡಿ ಅಂಟಿದರೆ ವೈರ್ ಬ್ರಷ್ ಹಾಕಿ ಅಷ್ಟನ್ನೂ ಕೆರೆಯಲೇಬೇಕು. ಪುಡಿಯ ಮೇಲೆ ಎಮಲ್ಷನ್ (ನೀರು ಬೆರೆಸಿ ಹಚ್ಚುವ ಬಣ್ಣ) ನಿಲ್ಲುವುದಿಲ್ಲ, ಹಾಳೆಯಂತೆ ಸುಲಿದು ಬರುತ್ತದೆ.

ಪೊಳ್ಳು ಗಾರೆ

ಸುತ್ತಿಗೆಯ ಹಿಡಿಯಿಂದ ಗೋಡೆಯುದ್ದಕ್ಕೂ ತಟ್ಟುತ್ತಾ ಹೋಗಿ. ‘ಡಬ್ ಡಬ್’ ಎಂದಲ್ಲಿ ಗಾರೆ ಇಟ್ಟಿಗೆಯನ್ನು ಬಿಟ್ಟಿದೆ ಎಂದರ್ಥ. ಅಂಥ ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿ, ಸುತ್ತಲೂ ನೆಟ್ಟಗೆ ಚೌಕ ಕತ್ತರಿಸಿ, ಇಟ್ಟಿಗೆ ಕಾಣುವ ತನಕ ಕೀಳಿಸಿ. ಧೂಳು ತೊಳೆದು, ಗೋಡೆ ಒದ್ದೆಯಾಗಿರುವಾಗ ಆದರೆ ನೀರು ಸುರಿಯದಿರುವಾಗ, ಎಸ್‌ಬಿಆರ್ ಲ್ಯಾಟೆಕ್ಸ್ (ಗಾರೆ ಹಿಡಿಯಲು ಹಾಕುವ ಹಾಲಿನಂಥ ರಬ್ಬರ್ ದ್ರವ) ಬೆರೆಸಿದ ಸಿಮೆಂಟ್ ಹಾಲು ಬಳಿಯಿರಿ. ಅದು ಇನ್ನೂ ಅಂಟಂಟಾಗಿರುವಾಗಲೇ ಹೊಸ ಗಾರೆಯ ಕಲಸು ಬೀಳಬೇಕು. ಒಣಗಿದ ಮೇಲೆ ಹಾಕಿದರೆ ಲ್ಯಾಟೆಕ್ಸೇ ಎರಡರ ನಡುವೆ ಜಾರುವ ಪದರವಾಗುತ್ತದೆ.

ಕಲಸಿಗೆ ಒಂದು ಪಾಲು ಸಿಮೆಂಟ್, ನಾಲ್ಕು ಪಾಲು ಪಿ-ಸ್ಯಾಂಡ್ (ಗಾರೆಗೆಂದೇ ಬರುವ ನುಣ್ಣನೆಯ ಕಲ್ಲುಮರಳು). ಎಂ-ಸ್ಯಾಂಡ್ (ಕಲ್ಲು ಒಡೆದು ಮಾಡಿದ ಮರಳು) ಹೆಸರಲ್ಲಿ ಬರುವ ಕ್ರಷರ್ ಪುಡಿ ಬೇಡ. ಧೂಳು ಹೆಚ್ಚಾದಷ್ಟೂ ಬಿರುಕು ಹೆಚ್ಚು. 20 ಮಿ.ಮೀ. ದಪ್ಪ ಬೇಕಿದ್ದರೆ ಮೊದಲು 12, ಅದರ ಮೇಲೆ 8, ಹೀಗೆ ಎರಡು ಸಲ. ಕೊನೆಯಲ್ಲಿ ಮೇಸ್ತ್ರಿ ನುಣುಪಿಗೆಂದು ಒಣ ಸಿಮೆಂಟ್ ಎರಚಿ ಕರಣೆಯಿಂದ ತಿಕ್ಕಲು ಹೊರಟರೆ ಕೈ ಹಿಡಿದು ನಿಲ್ಲಿಸಿ. ಆ ಸಿಮೆಂಟ್ ಪೊರೆ ವಾರದೊಳಗೆ ಜೇಡರ ಬಲೆಯ ಹಾಗೆ ಸೀಳುತ್ತದೆ. ಸ್ಪಾಂಜ್ ಫಿನಿಶ್ ಸಾಕು. ಏಳು ದಿನ ನೀರುಣಿಸಿ. ಬಣ್ಣಕ್ಕೆ 28 ದಿನ ಕಾಯಿರಿ, ಹೊಸ ಗಾರೆಯ ಕ್ಷಾರ ಬಣ್ಣವನ್ನು ತಿಂದುಹಾಕುತ್ತದೆ.

ಬಿರುಕು

ಹೆಚ್ಚಿನವರು ಕೆಡಿಸುವುದು ಇಲ್ಲೇ. ಪುಟ್ಟಿ ಬ್ಲೇಡ್‌ಗೆ ಬಿಳಿ ಸಿಮೆಂಟ್ ಮೆತ್ತಿಕೊಂಡು ಬಿರುಕಿನ ಮೇಲೆ ಒಮ್ಮೆ ಎಳೆದರೆ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಹಾಗೆ ಮೆತ್ತಿದ್ದು ಬಿರುಕಿನೊಳಗೆ ಇಳಿಯುವುದೇ ಇಲ್ಲ. ಮೇಲಾಗಿ ಬಿಸಿಲಿಗೆ ಹಿಗ್ಗಿ ರಾತ್ರಿಗೆ ಕುಗ್ಗುವ ಗೋಡೆಯಲ್ಲಿ ಬಿಳಿ ಸಿಮೆಂಟ್ ಬಗ್ಗದೆ ಮುರಿಯುತ್ತದೆ.

ಮೊದಲು ಬಿರುಕಿನ ಜಾತಿ ತಿಳಿಯಿರಿ. ಗೋಡೆಯ ತುಂಬ ಹರಡಿದ ಕೂದಲೆಳೆ ಬಿರುಕು ಗಾರೆ ಒಣಗುವಾಗ ಬಂದದ್ದು. ಅದನ್ನು ಬಗೆಯುವುದು ಬೇಡ, ರಬ್ಬರಿನಂತೆ ಹಿಗ್ಗಿ ಬಿರುಕು ಮುಚ್ಚುವ ಗುಣದ ಎಲಾಸ್ಟೊಮೆರಿಕ್ ಬಣ್ಣ ನೋಡಿಕೊಳ್ಳುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ, ಇಲ್ಲವೇ ಇಟ್ಟಿಗೆ ಸಾಲು ಹಿಡಿದು ಮೆಟ್ಟಿಲಿನಂತೆ ಇಳಿದು, ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಿದ್ದರೆ ಪೇಂಟರ್‌ನನ್ನು ವಾಪಸ್ ಕಳುಹಿಸಿ ಸ್ಟ್ರಕ್ಚರಲ್ ಎಂಜಿನಿಯರ್‌ರನ್ನು ಕರೆಸಿ. ಅನುಮಾನವಿದ್ದರೆ ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಕು ಬರೆದಿಡಿ. ಬಿರುಕು ಗೆರೆ ದಾಟಿತೋ ಇಲ್ಲವೋ ಒಂದು ಮಳೆಗಾಲ ಕಳೆದರೆ ಗೊತ್ತಾಗುತ್ತದೆ.

ಉಳಿದ ಬಿರುಕುಗಳನ್ನು ಸ್ಕ್ರೇಪರ್‌ನ ಮೂಲೆಯಿಂದ ವಿ ಆಕಾರಕ್ಕೆ ಬಗೆಯಿರಿ. ಬಾಯಿ ಅಗಲ ಸುಮಾರು 5 ಮಿ.ಮೀ., ಆಳವೂ ಅಷ್ಟೇ. ಬಿರುಕು ನಿಂತ ಕಡೆಯಿಂದ ಇನ್ನೊಂದು ಇಂಚು ಮುಂದಕ್ಕೆ ಹೋಗಲಿ. ಚೆನ್ನಾಗಿರುವ ಗೋಡೆಯನ್ನು ಹಾಳುಮಾಡಿದಂತೆ ಕಾಣುತ್ತದೆ, ಅಂಜಬೇಡಿ. ಒಳಗಿನ ಪುಡಿಯನ್ನು ಒಣ ಬ್ರಷ್‌ನಿಂದ ಪೂರ್ತಿ ತೆಗೆದು, ನೀರಾಗಿಸಿದ ಪ್ರೈಮರ್ ಸವರಿ, ಒಣಗಿದ ಮೇಲೆ ಅಕ್ರಿಲಿಕ್ ಕ್ರ್ಯಾಕ್ ಫಿಲ್ಲರ್ ಅನ್ನು ಒತ್ತಿ ತುಂಬಿ. ಒಂದೇ ಸಲ ತುಂಬಿದರೆ ಒಣಗಿದಾಗ ಕುಗ್ಗಿ ನಡುವೆ ಗುಳಿ ಬೀಳುತ್ತದೆ. ಅರ್ಧ ತುಂಬಿ ಒಂದು ರಾತ್ರಿ ಬಿಟ್ಟು, ಮರುದಿನ ಗೋಡೆಯ ಮಟ್ಟಕ್ಕೆ ತನ್ನಿ. ಪೇಸ್ಟ್ ರೂಪದ ಫಿಲ್ಲರ್ 3 ಮಿ.ಮೀ. ಅಗಲದ ತನಕದ ಬಿರುಕಿಗೆ ಸರಿ. ಅದಕ್ಕಿಂತ ದೊಡ್ಡದಕ್ಕೆ ಪುಡಿ ಫಿಲ್ಲರ್ ಅಥವಾ ಪಾಲಿಮರ್ ಗಾರೆ ಬೇಕು.

ಕಾಂಕ್ರೀಟ್ ಕಂಬವೂ ಇಟ್ಟಿಗೆ ಗೋಡೆಯೂ ಕೂಡುವಲ್ಲಿ ನೆಟ್ಟಗೆ ಬೀಳುವ ಬಿರುಕಿಗೆ ಇಷ್ಟು ಸಾಲದು. ಎರಡೂ ಬೇರೆ ಬೇರೆಯಾಗಿ ಹಿಗ್ಗುವುದರಿಂದ ಆ ಗೆರೆ ಎಂದೂ ಸುಮ್ಮನಿರುವುದಿಲ್ಲ. ಅಲ್ಲಿ ಬಿರುಕು ತುಂಬಿದ ಮೇಲೆ ಎರಡೂ ಬದಿಗೆ ಎರಡೆರಡೂವರೆ ಇಂಚು ಹಳೆಯ ಬಣ್ಣ ಕೆರೆದು, ಫಿಲ್ಲರ್ ಬಳಿದು, ಅದು ಹಸಿಯಾಗಿರುವಾಗಲೇ ನಾಲ್ಕು ಇಂಚಿನ ಫೈಬರ್ ಮೆಶ್ ಪಟ್ಟಿಯನ್ನು ಅದರೊಳಕ್ಕೆ ಒತ್ತಿ, ಮೇಲೆ ಇನ್ನೊಂದು ಪದರ ಎಳೆಯಿರಿ. ಮೆಶ್ ಅನ್ನು ಒಣ ಗೋಡೆಗೆ ಅಂಟಿಸಿ ಆಮೇಲೆ ಫಿಲ್ಲರ್ ಬಳಿದರೆ ಹಿಂದೆ ಗಾಳಿ ಉಳಿದು ಪಟ್ಟಿಗೆ ಪಟ್ಟಿಯೇ ಏಳುತ್ತದೆ. ಇಷ್ಟು ತೆಳು ಪದರದಲ್ಲಿ ಕೋಳಿ ಜಾಲರಿ ಬೇಡವೇ ಬೇಡ. ತುಕ್ಕಿನ ಕೆಂಪು ಬಣ್ಣ ದಾಟಿ ಹೊರಗೆ ಬರುತ್ತದೆ.

ಪುಟ್ಟಿ ವಿಚಾರ: ಹೊರಗೋಡೆಗೆ ಉದ್ದಕ್ಕೂ ಪುಟ್ಟಿ ಎಳೆಸುವುದು ಹಣ ಪೋಲು. ಅದರಲ್ಲೂ ಒಳಗೋಡೆಗೆಂದು ಮಾರುವ ಅಕ್ರಿಲಿಕ್ ಪುಟ್ಟಿ ಮಳೆಗೆ ಮೆತ್ತಗಾಗಿ ಬಣ್ಣದ ಸಮೇತ ಇಳಿಯುತ್ತದೆ.

ಪ್ರೈಮರ್, ಬಣ್ಣ

ಗೋಡೆ ಒಣಗಿದೆಯೇ ಎಂದು ನೋಡಲು ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಒಳಗೆ ಹನಿ ಕಂಡರೆ ಇನ್ನೂ ಕಾಯಬೇಕು. ಆಮೇಲೆ ಎಕ್ಸ್‌ಟೀರಿಯರ್ ಪ್ರೈಮರ್ ಒಂದು ಕೋಟ್, ಬಣ್ಣ ಎರಡು ಕೋಟ್, ನಡುವೆ ಕನಿಷ್ಠ ನಾಲ್ಕು ಗಂಟೆ. ಬಿಸಿಲು ನೇರ ಬೀಳುವ ಗೋಡೆ ಬೇಡ, ನೆರಳಿನ ಹಿಂದೆ ಹಿಂದೆ ಹೋಗಿ.

ಒಳ್ಳೆಯ ಎಮಲ್ಷನ್ ಎರಡು ಕೋಟ್‌ಗೆ ಲೀಟರಿಗೆ ಸುಮಾರು 50–60 ಚದರ ಅಡಿ ಬರುತ್ತದೆ. 1,500 ಚದರ ಅಡಿಗೆ 25–30 ಲೀಟರ್ ಬೇಕು, ಒರಟು ಗೋಡೆಯಾದರೆ ಇನ್ನೂ ಹೆಚ್ಚು. ಗುತ್ತಿಗೆ ಪೇಂಟರ್ ಒಂದೇ 20 ಲೀಟರ್ ಬಕೆಟ್‌ನಲ್ಲಿ ಮುಗಿಸುತ್ತೇನೆ ಎಂದರೆ ಉಳಿದದ್ದು ನೀರು. ಡಬ್ಬದ ಮೇಲೆ ಬರೆದ ಅಳತೆಗೇ ನೀರು ಬೆರೆಸಲಿ, ಅದೂ ನಿಮ್ಮೆದುರಿಗೆ. ಬೇರೆ ಬೇರೆ ಬ್ಯಾಚಿನ ಬಕೆಟ್‌ಗಳಿದ್ದರೆ ದೊಡ್ಡ ಡ್ರಮ್‌ನಲ್ಲಿ ಒಟ್ಟು ಕಲಸಿಕೊಳ್ಳಿ, ಇಲ್ಲದಿದ್ದರೆ ಗೋಡೆಯ ನಡುವೆ ಛಾಯೆ ಬದಲಾಗುತ್ತದೆ. ಗಾಢ ಕೆಂಪು, ನೇರಳೆ ಬಿಸಿಲಿಗೆ ಬೇಗ ಮಾಸುತ್ತವೆ; ಕಾವಿ, ಮಣ್ಣಿನ ಹಳದಿ ಹೆಚ್ಚು ಕಾಲ ನಿಲ್ಲುತ್ತವೆ.

ಸಾರುವೆ ಕಟ್ಟುವ ಮುನ್ನ ಕಂಬದಿಂದ ಮನೆಗೆ ಬರುವ ಸರ್ವಿಸ್ ವೈರ್ ಎಲ್ಲಿದೆ ನೋಡಿಕೊಳ್ಳಿ. ಕೆಲಸ ಮುಗಿದ ಮೇಲೆ ಒಂದು ಲೀಟರ್ ಬಣ್ಣವನ್ನು ಬಿಗಿ ಡಬ್ಬದಲ್ಲಿ ಎತ್ತಿಟ್ಟು, ಶೇಡ್ ನಂಬರ್ ಮುಚ್ಚಳದ ಮೇಲೆ ಬರೆಯಿರಿ. ಮುಂದೆ ಏಸಿಯವನೋ ಕೇಬಲ್‌ನವನೋ ಗೋಡೆ ಕೊರೆದು ಹೋದ ದಿನ ಬೇಕಾಗುತ್ತದೆ.