ಹಬ್ಬದ ತಿಂಗಳಲ್ಲಿ ಲೆಕ್ಕ ತಪ್ಪಿದಾಗ: ನಾನು ಪಾಲಿಸುವ ಕ್ರಮ

ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ವಾರ ಕಾಯುವ ಕಾಲ. ಆದರೆ ಆ ನಾಲ್ಕು ವಾರಗಳಲ್ಲೇ ಯಾರಿಗೂ ಕಾಯುವಷ್ಟು ವ್ಯವಧಾನ ಇರುವುದಿಲ್ಲ. ಕ್ಯಾರಲ್ ಅಭ್ಯಾಸ, ಮಕ್ಕಳ ನಾಟಕ, ನೆಂಟರು, ಪ್ರಯಾಣ, ಕಚೇರಿಯ ವರ್ಷಾಂತ್ಯದ ಕೆಲಸ. ಇದರ ನಡುವೆ ಮನೆಯಲ್ಲೊಬ್ಬರಿಗೆ ಜ್ವರ ಬಂದರೆ ಇಡೀ ವಾರದ ಲೆಕ್ಕ ತಪ್ಪುತ್ತದೆ. ಆ ಗಳಿಗೆಯಲ್ಲಿ 'ದೇವರ ಮೇಲೆ ಭಾರ ಹಾಕು' ಎಂದು ನಮಗೆ ನಾವೇ ಹೇಳಿಕೊಂಡರೆ ಮನಸ್ಸು ಕೇಳುವುದಿಲ್ಲ. ಭಾರ ಹಾಕುವುದು ಮೊದಲೇ ರೂಢಿಯಾಗಿರಬೇಕು. ಅದಕ್ಕೇ ನನ್ನ ಕ್ರಮ ನವೆಂಬರ್ ಕೊನೆಯಲ್ಲೇ ಶುರುವಾಗುತ್ತದೆ.

ಡಿಸೆಂಬರ್ 25ಕ್ಕೆ ಹಬ್ಬ ಮಾಡುವ ಸಭೆಗಳಲ್ಲಿ ಆಗಮನ ಕಾಲದ, ಅಂದರೆ ಈ ಕಾಯುವ ವಾರಗಳ, ಮೊದಲ ಭಾನುವಾರ ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ ಬೀಳುತ್ತದೆ. ಹಾಗಾಗಿ ಕೆಲವು ವರ್ಷ 28 ದಿನ ಸಿಗುತ್ತದೆ, ಕೆಲವು ವರ್ಷ 22 ಮಾತ್ರ. ಆರು ದಿನ ಕಡಿಮೆ ಇರುವ ವರ್ಷವೂ ಕೆಲಸಗಳನ್ನು ಅಷ್ಟೇ ಒಪ್ಪಿಕೊಳ್ಳುವುದು ನಾವೆಲ್ಲ ಮಾಡುವ ತಪ್ಪು. ಆ ಭಾನುವಾರದ ಹಿಂದಿನ ದಿನ ಒಂದು ಹಾಳೆಯ ಮೇಲೆ ಒಪ್ಪಿಕೊಂಡ ಕೆಲಸಗಳನ್ನೆಲ್ಲ ಪೆನ್ಸಿಲಿನಲ್ಲಿ ಬರೆಯುತ್ತೇನೆ. ಪೆನ್ನು ಬೇಡ, ಅಳಿಸುವುದು ಸುಲಭವಾಗಿರಬೇಕು. ವಾರಕ್ಕೆ ಎರಡು ಸಂಜೆ ಖಾಲಿ ಬಿಡುತ್ತೇನೆ. ಅದಕ್ಕೆ ಜಾಗ ಸಾಲದಿದ್ದರೆ, ಬರಲಾಗುವುದಿಲ್ಲ ಎಂದು ಅವತ್ತೇ ಫೋನ್ ಮಾಡಿ ಹೇಳುತ್ತೇನೆ. ಖಾಲಿ ಸಂಜೆಯ ಮುಂದೆ 'ವಿಶ್ರಾಂತಿ' ಎಂದೂ ಬರೆಯುವುದಿಲ್ಲ. ಬರೆದರೆ ಅದೂ ಒಂದು ಕಾರ್ಯಕ್ರಮವಾಗಿಬಿಡುತ್ತದೆ, ಯಾರಾದರೂ ಅಡ್ಡ ಬಂದರೆ ಸಿಟ್ಟು ಬರುತ್ತದೆ. ಹಾಳೆಯ ನೆತ್ತಿಯಲ್ಲಿ ಬೈಬಲಿನ ಯಾಕೋಬನ ಪತ್ರಿಕೆ 4:15ರ ಎರಡೇ ಪದ: 'ಕರ್ತನ ಚಿತ್ತವಾದರೆ'.

ಇನ್ನು ದಿನದ ಓದು. ಲೂಕನ ಸುವಾರ್ತೆಯಲ್ಲಿ 24 ಅಧ್ಯಾಯಗಳಿವೆ, ಡಿಸೆಂಬರ್ 1ರಿಂದ ದಿನಕ್ಕೊಂದರಂತೆ ಓದಿದರೆ 24ರ ರಾತ್ರಿಗೆ ಮುಗಿಯುತ್ತದೆ ಎಂದು ಹಲವರು ಹೇಳುತ್ತಾರೆ. ಬಿಡುವಿದ್ದವರಿಗೆ ಒಳ್ಳೆಯದೇ. ಗಡಿಬಿಡಿಯ ಮನೆಯಲ್ಲಿ ಅದು ನಡೆಯುವುದು ಕಷ್ಟ, ಮೊದಲ ಅಧ್ಯಾಯವೇ 80 ವಚನಗಳಷ್ಟಿದೆ. ನಾನು ಓದುವುದು ಲೂಕ 1:1ರಿಂದ 2:20ರ ತನಕ ಮಾತ್ರ. ಎಣಿಸಿದರೆ ಸರಿಯಾಗಿ 100 ವಚನ. ದಿನಕ್ಕೆ ನಾಲ್ಕು, 25 ದಿನ. ಹಳೆಯ ಪಂಚಾಂಗದಂತೆ ಜನವರಿ 7ಕ್ಕೆ ಹಬ್ಬ ಆಚರಿಸುವ ಕೆಲವು ಆರ್ಥೊಡಾಕ್ಸ್ ಸಭೆಗಳವರು ಡಿಸೆಂಬರ್ 14ಕ್ಕೆ ಶುರು ಮಾಡಿದರೆ ಇದೇ ಲೆಕ್ಕ ಕೂಡಿಬರುತ್ತದೆ. ಹೀಗೆ ಹಂಚಿದಾಗ 5ನೇ ದಿನ ದೇವದೂತನ ಮಾತು ನಂಬದ ಯಾಜಕ ಜಕರೀಯ ಮೂಕನಾಗುತ್ತಾನೆ, 10ನೇ ದಿನ ಮರಿಯಳು ಯೇಸುವಿನ ತಾಯಿಯಾಗಲು ಒಪ್ಪಿಕೊಳ್ಳುತ್ತಾಳೆ. ಎಲ್ಲರ ತಾಳ್ಮೆ ತೀರುವ ಹೊತ್ತಿಗೆ, 21ರಂದು, ಚಕ್ರವರ್ತಿಯ ಆಜ್ಞೆ ಹೊರಟು ಯೋಸೇಫ ನಜರೇತಿನಿಂದ ಬೆತ್ಲೆಹೇಮಿಗೆ ಹೊರಡುವ ಭಾಗ ಬರುತ್ತದೆ. ಒಂದು ದಿನ ಓದು ತಪ್ಪಿದರೆ ಮರುದಿನ ಆ ದಿನದ ನಾಲ್ಕನ್ನೇ ಓದಿ. ಬಾಕಿ ತೀರಿಸಲು ಹೋದರೆ ಓದೂ ಸಾಲದ ಹಾಗೆ ಬೆಳೆಯುತ್ತದೆ.

22ನೇ ದಿನದ ಓದಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಛತ್ರದಲ್ಲಿ ಸ್ಥಳವಿಲ್ಲದೆ ಮಗುವನ್ನು ಗೋದಲಿಯಲ್ಲಿ ಮಲಗಿಸಿದರು ಎಂಬುದು ಅಂದಿನ ಭಾಗ. ನಾಟಕಗಳಲ್ಲಿ ಬಾಗಿಲಲ್ಲೇ ತಡೆದು ಕಳಿಸುವ ಛತ್ರದ ಯಜಮಾನನೊಬ್ಬ ಇರುತ್ತಾನಲ್ಲ, ಲೂಕನಲ್ಲಿ ಅವನಿಲ್ಲ. ಅಲ್ಲಿರುವ ಗ್ರೀಕ್ ಪದ 'ಕತಾಲುಮ'. ಲೂಕ 22:11ರಲ್ಲಿ ಯೇಸು ಶಿಷ್ಯರೊಂದಿಗೆ ಪಸ್ಕ ಹಬ್ಬದ ಊಟ ಮಾಡುವ ಕೋಣೆಗೂ ಇದೇ ಪದ. ಯೇಸು ಹೇಳಿದ ಕಥೆಯಲ್ಲಿ ಒಳ್ಳೆಯ ಸಮಾರ್ಯದವನು ಗಾಯಾಳುವನ್ನು ಕರೆದೊಯ್ದ ಛತ್ರಕ್ಕೆ ಲೂಕ ಬಳಸುವ ಪದವೇ ಬೇರೆ. ಹಾಗಾದರೆ ಅದು ಯಾರದೋ ಮನೆಯ ತುಂಬಿದ ಅತಿಥಿ ಕೋಣೆ ಇದ್ದಿರಬಹುದು. ಹೇಗಿದ್ದರೂ ಅಲ್ಲಿ ತೊಂದರೆ ಇದೆ, ದೂರಲು ಖಳನಾಯಕನಿಲ್ಲ. ನಮ್ಮ ಡಿಸೆಂಬರಿನ ತೊಂದರೆಗಳೂ ಬಹುಪಾಲು ಹೀಗೇ, ಆದರೆ ಮನಸ್ಸು ಮೊದಲು ಹುಡುಕುವುದು ಬೈಯಲು ಒಬ್ಬರನ್ನು.

ತೊಂದರೆ ಎದುರಾದಾಗ ನಾನು ಕೀರ್ತನೆ 13ರ ಜಾಡು ಹಿಡಿಯುತ್ತೇನೆ. ಇರುವುದು ಆರೇ ವಚನ. ಮೊದಲ ಎರಡರಲ್ಲಿ 'ಎಷ್ಟರವರೆಗೆ?' ಎಂಬ ದೂರು, ಅದೂ ನಾಲ್ಕು ಸಲ. ನಂತರದ ಎರಡರಲ್ಲಿ ಬೇಡಿಕೆ. ಕೊನೆಯ ಎರಡರಲ್ಲಿ ಭರವಸೆ. ಇದನ್ನೇ ಮೂರು ವಾಕ್ಯಕ್ಕೆ ಇಳಿಸಿ ಬಾಯಿಬಿಟ್ಟು ಹೇಳುತ್ತೇನೆ: 'ದೇವರೇ, ಇವತ್ತಿನ ಸಂಜೆ ಪೂರ್ತಿ ಹೋಯಿತು, ನನಗೆ ಸಿಟ್ಟು ಬಂದಿದೆ. ಮುಂದಿನ ಒಂದು ಗಂಟೆ ಹೇಗೆ ನಡೆಯಬೇಕೋ ತೋರಿಸು. ನೀನು ಕೈಬಿಡುವವನಲ್ಲ.' ಅರ್ಧ ನಿಮಿಷ ಸಾಕು. ಮೊದಲ ವಾಕ್ಯದಲ್ಲಿ ಕಳೆದುಹೋದದ್ದು ಏನೆಂದು ಸ್ಪಷ್ಟವಾಗಿ ಹೇಳಬೇಕು; 'ಎಲ್ಲಾ ಹಾಳಾಯ್ತು' ಅಂದರೆ ನಡೆಯುವುದಿಲ್ಲ. ಭಕ್ತರಾದವರು ಎಡವುವುದು ಇಲ್ಲೇ. ದೂರು ಹೇಳುವುದು ಅವಿಶ್ವಾಸ ಎಂದುಕೊಂಡು ಸೀದಾ ಮೂರನೆಯ ವಾಕ್ಯಕ್ಕೆ ಹಾರುತ್ತಾರೆ. ನುಂಗಿದ ಸಿಟ್ಟು ರಾತ್ರಿ ಮನೆಯವರ ಮೇಲೆ ಹೊರಬೀಳುತ್ತದೆ. ಪ್ರಾರ್ಥನೆ ಮುಗಿದ ಕೂಡಲೇ, ಬದಲಾವಣೆಯಿಂದ ಯಾರಿಗೆ ಅಡಚಣೆಯಾಗುತ್ತದೋ ಅವರಿಗೆ ತಿಳಿಸಬೇಕು. ತಡ ಮಾಡಿದರೆ ನಮ್ಮ ತೊಂದರೆ ಅವರದೂ ಆಗುತ್ತದೆ.

ಎಲ್ಲ ತೊಂದರೆಗೂ ಈ ಮದ್ದಲ್ಲ. ಒಂದೇ ಹೊತ್ತಿಗೆ ಎರಡು ಕಡೆ ಬರುತ್ತೇನೆಂದು ಒಪ್ಪಿಕೊಂಡವರು ನಾವಾದರೆ, ಅದನ್ನು ದೇವರ ಪರೀಕ್ಷೆ ಎನ್ನಬಾರದು. ಕ್ಷಮೆ ಕೇಳಿ ಒಂದನ್ನು ಬಿಡಬೇಕು. ಇನ್ನೊಂದು ಬಗೆ ಇದಕ್ಕಿಂತ ಗಂಭೀರ. ಪ್ರತಿ ವರ್ಷವೂ ಅಡುಗೆ, ಅಲಂಕಾರ, ಅತಿಥಿಗಳ ಹಾಸಿಗೆ ಎಲ್ಲವೂ ಮನೆಯ ಒಬ್ಬರ ತಲೆಯ ಮೇಲೇ ಬೀಳುತ್ತಿದ್ದರೆ, ಅವರಿಗೆ 'ದೇವರಲ್ಲಿ ಭರವಸೆ ಇಡು' ಎನ್ನುವುದು ಅನ್ಯಾಯ. ಅಪೊಸ್ತಲರ ಕೃತ್ಯಗಳು 6ರಲ್ಲಿ ದಿನದ ಹಂಚಿಕೆಯಲ್ಲಿ ವಿಧವೆಯರನ್ನು ಕಡೆಗಣಿಸಿದ ದೂರು ಬಂದಾಗ, ತಾಳ್ಮೆಯ ಉಪದೇಶ ಯಾರೂ ಮಾಡಲಿಲ್ಲ; ಆ ಕೆಲಸಕ್ಕೆ ಏಳು ಮಂದಿಯನ್ನು ನೇಮಿಸಿದರು. ಮನೆಯಲ್ಲೂ ಕೆಲಸ ಹಂಚಬೇಕು, ಹೆಸರು ಬರೆದು. ಈ ಎರಡನ್ನೂ ಬದಿಗಿಟ್ಟ ಮೇಲೆ ಉಳಿಯುವ ಕಾಯಿಲೆ, ಹವಾಮಾನ, ತಡವಾದ ರೈಲು, ಹೇಳದೆ ಬಂದ ಅತಿಥಿ, ಇವು ನಿಜವಾಗಿ ಭರವಸೆಗೆ ಬಿಡಬೇಕಾದವು.

ಅಡ್ಡ ಬಂದದ್ದು ಮನುಷ್ಯರಾದರೆ ಮಾರ್ಕ 5 ನನಗೆ ದಾರಿ. ಸಾಯುವ ಸ್ಥಿತಿಯಲ್ಲಿದ್ದ 12 ವರ್ಷದ ಹುಡುಗಿಯ ಮನೆಗೆ ಹೊರಟ ಯೇಸು, 12 ವರ್ಷದಿಂದ ರಕ್ತಸ್ರಾವದಿಂದ ಬಳಲುತ್ತಿದ್ದ ಹೆಂಗಸಿಗಾಗಿ ನಿಲ್ಲುತ್ತಾನೆ. ಅಷ್ಟರಲ್ಲಿ ಹುಡುಗಿ ಸತ್ತ ಸುದ್ದಿ ಬರುತ್ತದೆ. ಅಲ್ಲಿ ನಿಂತಿದ್ದ ಅವಳ ತಂದೆ ಯಾಯೀರನ ಹೊಟ್ಟೆಯೊಳಗೆ ಏನಾಗಿರಬೇಕು! ನಂಬಿಕೆ ಮಾತ್ರ ಇರಲಿ ಎಂಬ ಮಾತು ಅವನಿಗೆ ಸಿಗುವುದು ಆ ಸುದ್ದಿ ಬಂದ ಮೇಲೆ, 36ನೇ ವಚನದಲ್ಲಿ. ಬಂದವರಿಗೆ ನಾನು ಹತ್ತು ನಿಮಿಷ ಪೂರ್ತಿ ಕೊಡುತ್ತೇನೆ, ಕುಳಿತು, ಫೋನ್ ಒಳಗಿಟ್ಟು. ಅರ್ಧ ಮನಸ್ಸಿನಿಂದ ನಿಂತೇ ಮಾತಾಡಿದರೆ ಅವರೂ ಬೇಗ ಹೊರಡುವುದಿಲ್ಲ, ನಮ್ಮ ಕೆಲಸವೂ ಆಗುವುದಿಲ್ಲ.

ರೋಮಾಪುರದವರಿಗೆ 8:28, ಸಕಲವೂ ಹಿತಕ್ಕಾಗಿಯೇ ಎಂಬ ವಚನವನ್ನು ತೊಂದರೆಯಲ್ಲಿರುವ ಇನ್ನೊಬ್ಬರಿಗೆ ಆ ಗಳಿಗೆಯಲ್ಲಿ ಹೇಳುವುದಿಲ್ಲ. ಅವರಿಗೆ ಬೇಕಾದದ್ದು ಅದೇ ಪತ್ರಿಕೆಯ 12:15, ಅಳುವವರ ಸಂಗಡ ಅಳುವುದು.

ರಾತ್ರಿ ಅದೇ ಹಾಳೆಯ ಹಿಂದೆ ಎರಡು ಸಾಲು: ಏನು ಬದಲಾಯಿತು, ನಾನು ಹೇಗೆ ನಡೆದುಕೊಂಡೆ. 'ದೇವರು ಇದನ್ನು ಯಾಕೆ ಮಾಡಿದ' ಎಂಬ ಮೂರನೆಯ ಸಾಲು ಬೇಡ. ಆದಿಕಾಂಡದ ಯೋಸೇಫನನ್ನು ಅಣ್ಣಂದಿರು ಮಾರಿದಾಗ ಅವನಿಗೆ 17 ವರ್ಷ. ದೇವರೇ ತನ್ನನ್ನು ಮುಂದಾಗಿ ಕಳಿಸಿದ ಎಂದು ಅದೇ ಅಣ್ಣಂದಿರಿಗೆ ಹೇಳುವಾಗ ಸುಮಾರು 39. ಇಪ್ಪತ್ತೆರಡು ವರ್ಷ ಹಿಡಿದ ಉತ್ತರವನ್ನು ಮಲಗುವ ಮುನ್ನ ಕಂಡುಹಿಡಿಯಲು ಹೋದರೆ ಕಲ್ಪಿಸಿ ಬರೆಯಬೇಕಾಗುತ್ತದೆ, ಅಷ್ಟೇ.

ಅಳಿಸಿದ ಭೇಟಿಗಳನ್ನು 24ರ ಮೊದಲೇ ತುರುಕಬೇಡಿ. ಹಬ್ಬದ ಕಾಲ 25ಕ್ಕೆ ಮುಗಿಯುವುದಿಲ್ಲ. ಹಳೆಯ ಪದ್ಧತಿಯಲ್ಲಿ ಜನವರಿ 6ರ ಪ್ರಕಟಣೆಯ ಹಬ್ಬದ (ಎಪಿಫನಿ) ತನಕ ನಡೆಯುತ್ತದೆ. ನನ್ನ ಹಾಳೆಯಲ್ಲಿ ಅಳಿಸಿದ್ದೆಲ್ಲ 26ರಿಂದ ಶುರುವಾಗುವ ಹನ್ನೆರಡು ದಿನಗಳಿಗೆ ಸರಿಯುತ್ತದೆ. ಆಗಿನ ಓದು ಮತ್ತಾಯ 2, ದಿನಕ್ಕೆ ಎರಡು ವಚನ, ಕೊನೆಯ ದಿನ ಒಂದೇ. ಮಗುವನ್ನೂ ತಾಯಿಯನ್ನೂ ಕರೆದುಕೊಂಡು ಯೋಸೇಫ ರಾತ್ರೋರಾತ್ರಿ ಐಗುಪ್ತಕ್ಕೆ (ಈಜಿಪ್ಟಿಗೆ) ಹೊರಡುವ ವಚನ ಜನವರಿ 1ಕ್ಕೆ ಬರುತ್ತದೆ.