ದುಡ್ಡಿನ ಫೈಲು ಬೇರೆ, ಮಗಳ ಫೈಲು ಬೇರೆ: ನನ್ನ ಅನುಭವ

"ಮ್ಯೂಚುವಲ್ ಡಿವೋರ್ಸಲ್ಲಿ ಸೈನ್ ಹಾಕಿದ್ಮೇಲೆ ಮುಗೀತು ಬಿಡಪ್ಪ, ಇನ್ನೇನೂ ಬದಲಾಗಲ್ಲ." ನನಗೆ ಹೀಗೆ ಹೇಳದವರಿಲ್ಲ. ಒಬ್ಬ ವಕೀಲರೂ ಇದನ್ನೇ ಅಂದರು. ಎರಡು ವರ್ಷ ಹಿಡಿಯಿತು, ನನ್ನ ಬೈಕು ಹೋಯಿತು, ಆದರೆ ಬದಲಾಯಿತು.

2019ರಲ್ಲಿ ಬೆಂಗಳೂರಿನಲ್ಲಿ ಡಿಕ್ರಿ, ಅಂದರೆ ಡಿವೋರ್ಸಿನ ತೀರ್ಪು, ಆದಾಗ ಮಗಳಿಗೆ ನಾಲ್ಕು ವರ್ಷ. ಮಗಳ ಖರ್ಚಿಗೆ ತಿಂಗಳಿಗೆ 12,000. ಎರಡನೇ ಮತ್ತು ನಾಲ್ಕನೇ ಭಾನುವಾರ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಭೇಟಿ. ಆಮೇಲೆ ಮಗಳ ಅಮ್ಮ ಅವಳನ್ನು ಕರೆದುಕೊಂಡು ಹಾಸನದ ತವರಿಗೆ ಹೋದರು. ನಾನು ಪೀಣ್ಯದಲ್ಲೇ ಉಳಿದೆ. ಏಳು ಗಂಟೆಯ ಭೇಟಿಗೆ ಹೋಗಿ ಬರಲು ಎಂಟು ಗಂಟೆ ಬಸ್ಸು. ಹಾಸನದಲ್ಲಿ ನನಗೆ ಮನೆ ಎಲ್ಲಿದೆ? ಹೋಟೆಲ್, ಪಾರ್ಕು, ಮತ್ತೆ ಹೋಟೆಲ್. ಮಳೆ ಬಂದರೆ ಬಸ್ ಸ್ಟ್ಯಾಂಡ್ ಬೆಂಚು.

2021ರಲ್ಲಿ ಕೆಲಸ ಹೋಯಿತು. ಹೊಸದು ಸಿಕ್ಕಿತು, ಸಂಬಳ ಸುಮಾರು ಮೂರನೇ ಒಂದು ಭಾಗ ಕಮ್ಮಿ. ಆಗ ನಾನು ಮಾಡಿದ ದಡ್ಡತನ ಏನು ಗೊತ್ತಾ? ಯಾರನ್ನೂ ಕೇಳದೆ 12,000ದ ಬದಲು 7,000 ಹಾಕಲು ಶುರು ಮಾಡಿದೆ. ಎಂಟು ತಿಂಗಳಿಗೆ 40,000 ಬಾಕಿ ನಿಂತಿತು. ಅತ್ತ ಕಡೆಯಿಂದ ಅಮಲ್ಜಾರಿ ಅರ್ಜಿ ಬಂತು, ಅಂದರೆ ಕೋರ್ಟ್ ಆದೇಶದಂತೆ ಬಾಕಿ ವಸೂಲಿ ಮಾಡಿಕೊಡಿ ಅಂತ. ನಮ್ಮ ಸಂಬಳ ಎಷ್ಟೇ ಇಳಿಯಲಿ, ಹೊಸ ಆದೇಶ ಬರುವ ತನಕ ಹಳೆಯದೇ ಓಡುತ್ತಿರುತ್ತದೆ.

ಮೊದಲ ಅರ್ಜಿ 2022ರಲ್ಲಿ. ವಕೀಲರು ಮಕ್ಕಳ ಪಾಲನೆಗೆ ಸಂಬಂಧಿಸಿದ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಡಿ ಬೆಂಗಳೂರಲ್ಲೇ ಹಾಕಿದರು. ಮೊದಲ ಡೇಟಿಗೇ ತಕರಾರು: ಮಗು ವಾಸ ಇರುವುದು ಹಾಸನದಲ್ಲಿ, ಸೆಕ್ಷನ್ 9ರ ಪ್ರಕಾರ ಇಲ್ಲಿ ನಡೆಯುವುದಿಲ್ಲ. ನಿಜ ತಾನೇ! ಜೊತೆಗೆ ಅದೇ ಅರ್ಜಿಯಲ್ಲಿ ದುಡ್ಡು ಕಮ್ಮಿ ಮಾಡಿ, ಮಗಳನ್ನು ಜಾಸ್ತಿ ದಿನ ಕೊಡಿ ಅಂತ ಎರಡನ್ನೂ ಕೇಳಿದ್ದೆವು. ಓದಿದವರಿಗೆ ಸಂತೆ ಚೌಕಾಸಿ ತರ ಕಂಡಿತು. ಶನಿವಾರ ಭಾನುವಾರ ಡ್ರಾಯಿಂಗ್ ಕೆಲಸ ಮಾಡಿ ಬರುತ್ತಿದ್ದ ಮೂರು ನಾಲ್ಕು ಸಾವಿರವನ್ನು ಅಫಿಡವಿಟ್‌ನಲ್ಲಿ ಬರೆದಿರಲಿಲ್ಲ. ಅದೂ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಸಿಕ್ಕಿಬಿತ್ತು. ಅರ್ಜಿ ವಾಪಸ್ ತೆಗೆದುಕೊಂಡೆ. ಫೀಸು, ಜೆರಾಕ್ಸು, ರಜೆ ಹಾಕಿ ಕಳೆದುಕೊಂಡ ಸಂಬಳ ಎಲ್ಲಾ ಸೇರಿ ಐವತ್ತು ಸಾವಿರದ ಹತ್ತಿರ ಹೋಗಿರಬೇಕು.

ಬೈಕು ಮಾರಿ ಬಾಕಿ ಪೂರ್ತಿ ಕಟ್ಟಿದೆ. ಆರು ತಿಂಗಳು ಏನೂ ಕೇಳದೆ 12,000 ಹಾಕಿದೆ, ಪ್ರತಿ 5ನೇ ತಾರೀಕು, ಯುಪಿಐ ನೋಟ್‌ನಲ್ಲಿ ಮಗಳ ಹೆಸರು ಮತ್ತು ತಿಂಗಳು ಬರೆದು. ಕ್ಯಾಶ್ ಮಾತ್ರ ಕೊಡಬೇಡಿ.

ಆಮೇಲೆ ಡಿಕ್ರಿ ಕೊಟ್ಟ ಕೋರ್ಟಿಗೇ ಹೋದೆ, ಹಿಂದೂ ವಿವಾಹ ಕಾಯ್ದೆ ಸೆಕ್ಷನ್ 26ರಲ್ಲಿ. ಮಕ್ಕಳ ಸುಪರ್ದಿ, ಖರ್ಚು, ಓದು ಮೂರರ ಬಗ್ಗೆಯೂ ಡಿಕ್ರಿ ಆದ ಮೇಲೂ ಆದೇಶ ಬದಲಿಸಲು ಅದರಲ್ಲಿ ಅವಕಾಶ ಇದೆ. ಅಂದರೆ ಒಂದೇ ಅರ್ಜಿ ಸಾಕಿತ್ತು. ನಾನು ಬೇಕೆಂದೇ ಮಗಳ ಭೇಟಿಯದ್ದು ಮಾತ್ರ ಹಾಕಿದೆ. ದುಡ್ಡಿನ ಸುದ್ದಿಯೇ ಇಲ್ಲ. ಹೊಸ ವಕೀಲರು ತಲೆ ಚಚ್ಚಿಕೊಂಡರು, "ಎರಡೆರಡು ಸಲ ಅಲೀತೀರೇನ್ರೀ?" ಅಂದರು. ಅಲೆದೆ.

ಇಲ್ಲೊಂದು ಅಡ್ಡ ಕಥೆ. ಸಂಜೆ ಏಳೂವರೆಗೆ ವಿಡಿಯೋ ಕಾಲ್ ಮಾಡುತ್ತಿದ್ದೆ. "ಊಟ ಆಯ್ತಾ?" "ಆಯ್ತು." "ಸ್ಕೂಲು?" "ಹೂಂ." ಎರಡು ನಿಮಿಷಕ್ಕೆ ಮುಗಿಯುತ್ತಿತ್ತು. ಕಥೆ ಓದಿ ನೋಡಿದೆ, ಆಕಳಿಸಿದಳು. ಮಗ್ಗಿ ಕೇಳಿದೆ, ಫೋನು ಅಜ್ಜಿ ಕೈಗೆ ಹೋಯಿತು. ಕೊನೆಗೆ ಚೌಕಾಬಾರ. ಮನೆ ಬರೆದ ರಟ್ಟು ನನ್ನ ಹತ್ತಿರ, ಕವಡೆ ಇಬ್ಬರ ಹತ್ತಿರವೂ. ಅವಳು ಅಲ್ಲಿ ಕವಡೆ ಹಾಕಿ ಲೆಕ್ಕ ಹೇಳುತ್ತಾಳೆ, ನಾನು ಇಲ್ಲಿ ಅವಳ ಕಾಯಿ ನಡೆಸುತ್ತೇನೆ. ಕವಡೆ ಬಿದ್ದದ್ದನ್ನು ತೋರಿಸದೆ "ಎಂಟು!" ಅಂತ ಕೂಗುತ್ತಾಳೆ, ಕಳ್ಳಿ. ಕಾಲ್ ನಲವತ್ತು ನಿಮಿಷಕ್ಕೆ ಏರಿತು. ಆಟಕ್ಕೆ ಶುರು ಮಾಡಿದ್ದು, ಆ ಕಾಲ್ ಲಾಗ್ ಆಮೇಲೆ ಕೋರ್ಟಲ್ಲಿ ನನ್ನ ದೊಡ್ಡ ದಾಖಲೆ ಆಯಿತು.

ಜಡ್ಜ್ ಮಗಳನ್ನು ಚೇಂಬರಿಗೆ ಕರೆದು ಮಾತಾಡಿಸಿದರು. ಏನು ಕೇಳಿದರೋ, ಅವಳೇನು ಹೇಳಿದಳೋ, ನಾನು ಇವತ್ತಿಗೂ ಕೇಳಿಲ್ಲ. ನಂತರ ಮೀಡಿಯೇಷನ್‌ಗೆ, ಅಂದರೆ ಮಧ್ಯಸ್ಥರ ಮುಂದೆ ರಾಜಿ ಮಾತುಕತೆಗೆ, ಕಳಿಸಿದರು. ಮೂರು ಸಿಟ್ಟಿಂಗ್. ಎರಡನೆಯದರಲ್ಲಿ ಮುರಿದೇ ಬೀಳುವುದರಲ್ಲಿತ್ತು. ಮಗಳ ಅಮ್ಮನ ಭಯ ಒಂದೇ, "ರಾತ್ರಿ ಜ್ವರ ಬಂದ್ರೆ ಇವರೇನು ಮಾಡ್ತಾರೆ?" ಮೂರನೆಯದಕ್ಕೆ ಮೊದಲು ಮಾವನವರನ್ನು ಹೇಗೆ ಒಪ್ಪಿಸಿದೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಪಕ್ಕದ ಮನೆ ಆಂಟಿ ಹತ್ತಿರ ಎರಡು ಜಡೆ ಹಾಕುವುದನ್ನು ಕಲಿತಿದ್ದೂ ಕೆಲಸಕ್ಕೆ ಬಂತು ಅಂತಷ್ಟೇ ಹೇಳುತ್ತೇನೆ.

2024ರಲ್ಲಿ ಆದೇಶ ಬಂತು. ತಿಂಗಳಿಗೆ ಎರಡು ಸಲ ಶನಿವಾರ ಮಧ್ಯಾಹ್ನದಿಂದ ಭಾನುವಾರ ಸಂಜೆಯವರೆಗೆ ನನ್ನ ಮನೆಯಲ್ಲಿ. ಒಂದು ಸಲ ಅವರು ತಂದು ಬಿಡಬೇಕು, ಒಂದು ಸಲ ನಾನು ಹೋಗಿ ಕರೆತರಬೇಕು. ಬೇಸಿಗೆ ರಜೆಯಲ್ಲಿ ಹದಿನೈದು ದಿನ.

ನಾಲ್ಕು ತಿಂಗಳು ಬಿಟ್ಟು ದುಡ್ಡಿನ ಅರ್ಜಿ. ಈ ಸಲ ಡ್ರಾಯಿಂಗ್ ದುಡ್ಡನ್ನೂ ಬಿಡದೆ ಬರೆದೆ. ಅವರೂ ಅಫಿಡವಿಟ್ ಕೊಟ್ಟರು. 2020ರಲ್ಲಿ ಜೀವನಾಂಶದ ಬಗ್ಗೆ ರಜನೇಶ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಇಬ್ಬರೂ ಆಸ್ತಿ, ಸಾಲ ಎಲ್ಲಾ ಬಿಚ್ಚಿಡಬೇಕಲ್ಲ. ಎರಡೇ ಡೇಟಿಗೆ ರಾಜಿ ಆಯಿತು: ತಿಂಗಳಿಗೆ 9,000, ಜೊತೆಗೆ ಸ್ಕೂಲ್ ಫೀಸಿನ ಅರ್ಧ, ವರ್ಷಕ್ಕೆ 28,000 ಚಿಲ್ಲರೆ, ನೇರ ಸ್ಕೂಲಿಗೆ ಕಟ್ಟುವುದು.

ಲೆಕ್ಕ ಹಾಕಿ ನೋಡಿ. ಮೊದಲು ವರ್ಷಕ್ಕೆ 1,44,000 ಇದ್ದದ್ದು ಈಗ 1,36,000. ಇಷ್ಟೆಲ್ಲಾ ಒದ್ದಾಡಿ ಉಳಿದದ್ದು ಎಂಟು ಸಾವಿರ! ಗೆಳೆಯ ನಕ್ಕ. ನಗಲಿ. ಫೀಸ್ ರಸೀದಿಯಲ್ಲಿ ಈಗ ನನ್ನ ಹೆಸರೂ ಬರುತ್ತದೆ, ಪೇರೆಂಟ್ಸ್ ಮೀಟಿಂಗ್ ಮೆಸೇಜು ನನಗೂ ಬರುತ್ತದೆ. ದಸರಾ ರಜೆ ಯಾರಿಗೆ ಅಂತ ಮಾತ್ರ ಆದೇಶದಲ್ಲಿ ಬರೆಸಲು ಮರೆತೆವು. ಅದಕ್ಕೆ ಪ್ರತಿ ವರ್ಷ ಸೆಪ್ಟೆಂಬರಲ್ಲಿ ಮಾವನವರಿಗೆ ಒಂದು ಫೋನು ಹಾಕಬೇಕು.