ಫ್ಯೂಸ್ ತೆಗೆದು ಟಿಸಿ ಲೆಕ್ಕ ಕೂಡಿಸಿದ್ದು: ಗಂಗಾವತಿಯ ಅನುಭವ

ಸ್ಮಾರ್ಟ್ ಮೀಟರ್ ಹಾಕಿದ ಮೇಲೂ ಟಿಸಿಯ (ಬೀದಿಯ ಟ್ರಾನ್ಸ್‌ಫಾರ್ಮರಿನ) ಮೀಟರ್ ಯೂನಿಟ್ಟಿಗೂ ಅದರ ಮನೆಗಳ ಯೂನಿಟ್ಟಿಗೂ ತಾಳೆ ಬರದಿದ್ದರೆ ಎಲ್ಲರೂ ಮೊದಲು ಕಳ್ಳತನ ಅಂತಾರೆ. ಗಂಗಾವತಿಯ ಒಂದು 100 ಕೆವಿಎ ಟಿಸಿಯಲ್ಲಿ ನಮಗೆ ಉಲ್ಟಾ ಬಂತು, ಮನೆಗಳ ಮೊತ್ತವೇ ಹೆಚ್ಚು! ತಂತಿಯ ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಹಿಡಿದು ಆರ್, ವೈ, ಬಿ ಅಂತ ಒಂದೊಂದೇ ಫೇಸ್ ನೋಡಿದಾಗ ವೈ ಫೇಸಿನ ಸಿಟಿ (ಕರೆಂಟನ್ನು ಮೀಟರಿಗೆ ತಕ್ಕಷ್ಟು ಇಳಿಸಿ ಕೊಡುವ ಕರೆಂಟ್ ಟ್ರಾನ್ಸ್‌ಫಾರ್ಮರ್) ತಿರುಗಿ ಕೂತಿತ್ತು. ಸಮ ಲೋಡಿನಲ್ಲಿ ಒಂದು ಸಿಟಿ ತಿರುಗಿದರೆ ಮೀಟರ್ ಮೂರರಲ್ಲಿ ಒಂದು ಪಾಲನ್ನಷ್ಟೇ ಬರೆಯುತ್ತೆ. ಅದನ್ನು ಸರಿಮಾಡಿದರೂ ಸಾಲಲಿಲ್ಲ. ಕೂತಿದ್ದ ಸಿಟಿ 200/5, ಅಂದರೆ ರೀಡಿಂಗನ್ನು 200 ಭಾಗಿಸು 5ರಿಂದ ಗುಣಿಸಬೇಕು, ದಾಖಲೆಯಲ್ಲಿದ್ದ ಗುಣಕ 30. ಬೇಕಾದದ್ದು 40.

ಎರಡೂ ಸರಿಯಾದ ಮೇಲೆ ನಷ್ಟ (ಟಿಸಿ ಕೊಟ್ಟರೂ ಮನೆಗಳ ಲೆಕ್ಕದಲ್ಲಿ ಸಿಗದ ಪಾಲು) ಸುಮಾರು ಶೇ 30 ತೋರಿಸಿತು. ಈ ಟಿಸಿಗೆ ಸೇರಿದ ಮನೆಗಳ ಪಟ್ಟಿಯಲ್ಲಿನ ಆರ್‌ಆರ್ ನಂಬರುಗಳೇ (ಪ್ರತಿ ಸಂಪರ್ಕದ ಗುರುತಿನ ಸಂಖ್ಯೆ) ತಪ್ಪು ಅಂತ ನನಗೆ ಖಾತ್ರಿಯಿತ್ತು. ಮನೆಮನೆ ತಿರುಗಿ ಸರ್ವಿಸ್ ವೈರ್ (ಕಂಬದಿಂದ ಮನೆಗೆ ಬರುವ ತಂತಿ) ನೋಡಿ ಅಂತ ಜೊತೆಯವರು ಅಂದರು. ಕಂಬದ ಮೇಲಿನ ಆ ಗೋಜಲಿನಲ್ಲಿ ಕಣ್ಣಿಗೆ ಏನೂ ಸಿಗಲ್ಲ. ಲೈನ್ ಕ್ಲಿಯರ್ (ಲೈನಿನ ಕೆಲಸಕ್ಕೆ ಅನುಮತಿ) ಪಡೆದು, ಲೈನ್‌ಮನ್ ಕೈಲೇ ಒಂದೊಂದು ಫೇಸಿನ ಎಲ್‌ಟಿ (ಮನೆಗಳ ಕಡೆಯ ಕಡಿಮೆ ವೋಲ್ಟೇಜಿನ) ಫ್ಯೂಸ್ ಹತ್ತು ನಿಮಿಷ ತೆಗೆಸಿ, ಯಾವ ಮೀಟರಿನಲ್ಲಿ ಪವರ್ ಫೇಲ್ ದಾಖಲಾಯಿತು ನೋಡೋಣ ಅಂದೆ. ಆಗಲ್ಲ ಅಂದರು.

ಮೊದಲ ಸಲ ನಿಜಕ್ಕೂ ಆಗಲಿಲ್ಲ. ಆಗಿಂದಾಗಲೇ ಯಾವ ಮೀಟರ್ ಸತ್ತಿದೆ ಅಂತ ನೋಡಿದ್ದೇ ತಪ್ಪು. ಆರ್‌ಎಫ್ ಮೆಶ್‌ನಲ್ಲಿ (ಒಂದು ಮೀಟರಿನ ಮಾಹಿತಿ ಇನ್ನೊಂದರ ಮೂಲಕ ರೇಡಿಯೊದಲ್ಲಿ ಸಾಗುವ ಜಾಲ) ನಡುವಿನ ಮೀಟರ್ ಆಫ್ ಆದರೆ ಅದರ ಹಿಂದಿನ ಜೀವಂತ ಮೀಟರುಗಳೂ ಮಾತು ನಿಲ್ಲಿಸಬಹುದು. ಹದಿನೇಳೋ ಹದಿನೆಂಟೋ ಮೀಟರು ಸುಳ್ಳೇ ಆರ್ ಫೇಸಿಗೆ ಬಿದ್ದವು. ಎರಡನೇ ಸಲ ಹಿಂದಿನ ದಿನವೇ ಮೀಟರುಗಳ ಗಡಿಯಾರ ಸಿಂಕ್ ಮಾಡಿಸಿ, ಮರುದಿನ ಬೆಳಿಗ್ಗೆ ಈವೆಂಟ್ ಲಾಗ್ (ಮೀಟರ್ ತಾನೇ ಬರೆದಿಟ್ಟ ದಾಖಲೆ) ಎಳೆದೆವು. ಆದರೂ ಕೆಲವು ಕೈಕೊಟ್ಟವು. ಓಡುತ್ತಿದ್ದ ಹಿಟ್ಟಿನ ಗಿರಣಿಯ ಮೋಟರ್ ಮೂಲಕ ಸತ್ತ ಫೇಸಿಗೆ ಹಿಮ್ಮುಖ ವೋಲ್ಟೇಜ್ ಬರುತ್ತಿತ್ತು, ಹಾಗಾಗಿ ಆ ಮೀಟರುಗಳು ಪವರ್ ಫೇಲ್ ಬರೆಯಲಿಲ್ಲ. ತ್ರೀಫೇಸ್ ಮೋಟರ್ ಬಂದ್ ಮಾಡಿಸದೆ ಫ್ಯೂಸ್ ಮುಟ್ಟಲೇಬೇಡಿ, ಸಿಂಗಲ್ ಫೇಸಿಂಗ್ ಆಗಿ (ಒಂದು ಫೇಸ್ ಇಲ್ಲದೆ ಮೋಟರ್ ಓಡಿ) ವೈಂಡಿಂಗ್ ಸುಟ್ಟರೆ ರಿವೈಂಡಿಂಗ್ ಖರ್ಚು ನಿಮ್ಮ ತಲೆಗೇ.

ಮೂರನೇ ಸಲ ಪಕ್ಕಾ ಬಂತು. ಪಟ್ಟಿಯಲ್ಲೇ ಇಲ್ಲದ ಇಪ್ಪತ್ತು ಚಿಲ್ಲರೆ ಮನೆ ಈ ಟಿಸಿಯವೇ, ಪಟ್ಟಿಯಲ್ಲಿದ್ದ ನಾಲ್ಕೈದು ಪಕ್ಕದ ಟಿಸಿಯವು. ರಾತ್ರಿ 12ರ ರೀಡಿಂಗ್ ಕೂಡಿಸಿದರೆ ನಷ್ಟ ಶೇ 7ರ ಆಸುಪಾಸು. ಎರಡು ಆಳಿನ ಮೂರು ದಿನದ ಕೂಲಿ, ಪೆಟ್ರೋಲ್ ಸೇರಿ ಐದು ಸಾವಿರದೊಳಗೆ ಮುಗಿಯಿತು. 

ಇದರ ನಡುವೆ ಮೀಟರಿನಲ್ಲಿ ಅರ್ತ್ ಟ್ಯಾಂಪರ್ (ಕರೆಂಟ್ ನ್ಯೂಟ್ರಲ್ ಬಿಟ್ಟು ಬೇರೆ ದಾರಿಯಲ್ಲಿ ಹೋಗುತ್ತಿದೆ ಅನ್ನುವ ಎಚ್ಚರಿಕೆ) ತೋರಿಸುತ್ತಿದ್ದ ಮನೆಗಳನ್ನೂ ನೋಡಿದೆ. ಬಹುಪಾಲು ಮೇಲ್ಮನೆ ಕೆಳಮನೆಗೆ ಒಂದೇ ನ್ಯೂಟ್ರಲ್. ಫೇಸ್ ಕರೆಂಟೂ ನ್ಯೂಟ್ರಲ್ ಕರೆಂಟೂ ಬೇರೆಯಾಗಿ ಮೀಟರ್ ಕೂಗುತ್ತೆ. ನ್ಯೂಟ್ರಲ್ ಬೇರ್ಪಡಿಸಿದರೆ ಸುಮ್ಮನಾಗುತ್ತೆ, ಅವರನ್ನು ಕಳ್ಳರು ಅನ್ನಬಾರದು. ಕಬ್ಬಿಣದ ಪೆಟ್ಟಿಗೆಯೊಳಗಿನ ಮೀಟರಿನ ಆಂಟೆನಾ ಹೊರಗೆ ತಂದಾಗ ಸಿಗ್ನಲ್ಲೂ ಸುಧಾರಿಸಿತು.

ಪಂಪ್‌ಸೆಟ್ ಮಿಶ್ರ ಟಿಸಿಯಲ್ಲಿ ಈ ಲೆಕ್ಕ ಹಾಕಬೇಡಿ, ಮೀಟರಿಲ್ಲದ ಐಪಿ ಸೆಟ್ಟಿನ (ನೀರಾವರಿ ಪಂಪಿನ) ಯೂನಿಟ್ಟೆಲ್ಲ ನಷ್ಟದ ಖಾತೆಗೇ ಬೀಳುತ್ತೆ. ಬೀದಿದೀಪಕ್ಕೆ ಮೀಟರ್ ಇದೆಯೋ ಇಲ್ಲವೋ ಅದನ್ನೂ ಮೊದಲೇ ನೋಡಿಕೊಳ್ಳಿ.